ಒಂದು ಲ್ಯಾಪ್‌ಟಾಪ್, ಮೂರು ಪರದೆ: ಅಗತ್ಯವೋ ಆಡಂಬರವೋ?

ಮನೆಯಲ್ಲೇ ಹೊಲಿಗೆ ಮಾಡಿ ಸಂಸಾರಕ್ಕೆ ಆಸರೆಯಾಗುವ ಸಹೋದರಿಯರು ನಮ್ಮ ಸಮುದಾಯದಲ್ಲಿ ಹಿಂದಿನಿಂದಲೂ ಇದ್ದಾರೆ. ಬಟ್ಟೆ ಹರಡಿ ಕತ್ತರಿಸಲು ಅವರಿಗೆ ಅಗಲವಾದ ಮೇಜೊಂದು ಬೇಕೆಂದರೆ ಮನೆಯವರು ಯಾರೂ ಅದನ್ನು ದುಂದುವೆಚ್ಚ ಎನ್ನುವುದಿಲ್ಲ. ಸಣ್ಣ ಸ್ಟೂಲಿನ ಮೇಲೆ ಮೂರು ಮೀಟರ್ ಬಟ್ಟೆ ಇಟ್ಟು ಕತ್ತರಿಸಿದರೆ ಅಳತೆ ತಪ್ಪುತ್ತದೆ, ಬಟ್ಟೆ ಹಾಳಾಗುತ್ತದೆ, ಬೆನ್ನೂ ನೋಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ದುಡಿಯುವ ಸಹೋದರಿ ತನಗೆ ಇನ್ನೊಂದು ಮಾನಿಟರ್ ಬೇಕೆಂದಾಗ ಅದೇ ಮನೆಯವರ ಹುಬ್ಬು ಮೇಲೇರುತ್ತದೆ. "ಒಂದು ಇದೆಯಲ್ಲ, ಇನ್ನೊಂದು ಯಾಕೆ?" ಎಂಬ ಪ್ರಶ್ನೆ ಬರುತ್ತದೆ.

ದಕ್ಷಿಣ ಕನ್ನಡದ ಸಹೋದರಿಯೊಬ್ಬರು ಬರೆದ ಪತ್ರದಲ್ಲಿ ಈ ಪ್ರಶ್ನೆಯೇ ಇದೆ. ಬಿ.ಕಾಂ. ಓದಿರುವ ಅವರು 2020ರ ಲಾಕ್‌ಡೌನ್ ಕಾಲದಿಂದ ಮನೆಯಲ್ಲೇ ಕುಳಿತು ಲೆಕ್ಕಪತ್ರದ ಕೆಲಸ ಮಾಡುತ್ತಿದ್ದಾರೆ. ಪತಿ ಗಲ್ಫಿನಲ್ಲಿದ್ದಾರೆ. 14 ಇಂಚಿನ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಬೇಕು, ಅದನ್ನು ಮುಚ್ಚಿ ಟ್ಯಾಲಿಯಲ್ಲಿ ಅಂಕಿ ತುಂಬಬೇಕು, ಮತ್ತೆ ಜಿಎಸ್‌ಟಿ ಪುಟ ತೆರೆದು ಹೋಲಿಸಬೇಕು. ಹೀಗೆ ದಿನವಿಡೀ ಕಿಟಕಿ ತೆರೆದು ಮುಚ್ಚಿ ಕಣ್ಣೂ ಕುತ್ತಿಗೆಯೂ ಸೋತಿವೆ. ಹಾಗಾಗಿ ತನ್ನ ದುಡಿಮೆಯ ಹಣದಿಂದ ಎರಡು ಸೆಕೆಂಡ್ ಹ್ಯಾಂಡ್ ಮಾನಿಟರ್ ಕೊಂಡರು. ಮೈದುನ ಪೇಟೆಯಿಂದ ಒಂದು ಸ್ಪ್ಲಿಟರ್ ತಂದು ಜೋಡಿಸಿದಾಗ ಎರಡರಲ್ಲೂ ಒಂದೇ ಚಿತ್ರ ಬಂತು. ಅಂಗಡಿಯವರು "ನಿಮ್ಮ ಲ್ಯಾಪ್‌ಟಾಪ್‌ಗೆ ಅಷ್ಟು ಶಕ್ತಿಯಿಲ್ಲ, ಹೊಸದು ತೆಗೆದುಕೊಳ್ಳಿ" ಎಂದರು. ಅತ್ತೆ "ಒಬ್ಬಳಿಗೆ ಮೂರು ಟಿವಿಯಾ?" ಎಂದರು. ಈಗ ಮಾನಿಟರ್‌ಗಳು ಬಟ್ಟೆ ಹೊದ್ದು ಮೂಲೆಯಲ್ಲಿವೆ. "ನಾನು ಮಾಡಿದ್ದು ಇಸ್ರಾಫ್ ಆಯಿತೇ? ಇವನ್ನು ಉಪಯೋಗಿಸಲು ದಾರಿ ಇದೆಯೇ?" ಎಂದು ಅವರು ಕೇಳಿದ್ದಾರೆ.

ಪರದೆ ಎಂದೊಡನೆ ನಮ್ಮ ಮನೆಗಳಲ್ಲಿ ಹೊಳೆಯುವ ಅರ್ಥ ಬೇರೆ. ಇಲ್ಲಿ ಹೇಳುತ್ತಿರುವುದು ಗಾಜಿನ ಪರದೆಯ ವಿಷಯ. ಆದರೂ ಕೊನೆಯಲ್ಲಿ ಆ ಇನ್ನೊಂದು ಅರ್ಥವೂ ಸ್ವಲ್ಪ ಬರಲಿದೆ.

ಇಸ್ರಾಫ್ ಯಾವುದು?

ಪವಿತ್ರ ಕುರ್‌ಆನ್ ಅಲ್-ಇಸ್ರಾ ಅಧ್ಯಾಯದಲ್ಲಿ ದುಂದುವೆಚ್ಚ ಮಾಡುವವರನ್ನು ಕಠಿಣವಾಗಿ ಎಚ್ಚರಿಸಿದೆ. ಅಲ್-ಫುರ್ಕಾನ್ ಅಧ್ಯಾಯದಲ್ಲಿ ಅಲ್ಲಾಹನ ಉತ್ತಮ ದಾಸರ ಗುಣವನ್ನು ವಿವರಿಸುವಾಗ, ಅವರು ಖರ್ಚಿನಲ್ಲಿ ದುಂದೂ ಮಾಡುವುದಿಲ್ಲ, ಜಿಪುಣತನವನ್ನೂ ತೋರುವುದಿಲ್ಲ, ಮಧ್ಯಮ ಮಾರ್ಗದಲ್ಲಿರುತ್ತಾರೆ ಎಂಬ ಆಶಯ ಬಂದಿದೆ. ನಾವು ಈ ಮಾತಿನ ಮೊದಲರ್ಧವನ್ನು ಮಾತ್ರ ನೆನಪಿಡುತ್ತೇವೆ, ಅದರಲ್ಲೂ ಹೆಣ್ಣುಮಕ್ಕಳ ಖರ್ಚಿನ ವಿಷಯ ಬಂದಾಗ. ಅಗತ್ಯವಿರುವಲ್ಲಿ ಕೈ ಬಿಗಿಹಿಡಿಯುವುದೂ ಅದೇ ವಚನದಲ್ಲಿ ದೋಷವೆನಿಸಿದೆ ಎಂಬುದನ್ನು ಮರೆಯುತ್ತೇವೆ.

ಇಮಾಮ್ ಗಝಾಲಿ(ರ) (ನಿಧನ ಕ್ರಿ.ಶ. 1111) ಹಾಗೂ ಗ್ರಾನಡಾದ ಇಮಾಮ್ ಶಾತಿಬೀ(ರ) (ನಿಧನ 1388) ಮುಂತಾದ ವಿದ್ವಾಂಸರು ಮನುಷ್ಯನ ಹಿತಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ್ದಾರೆ. ಇಲ್ಲದಿದ್ದರೆ ಬದುಕೇ ಕೆಡುವಂತಹವು ಝರೂರಿಯಾತ್. ಇಲ್ಲದಿದ್ದರೆ ಬದುಕು ನಡೆಯುತ್ತದೆ, ಆದರೆ ಕಷ್ಟದಿಂದ ನಡೆಯುತ್ತದೆ ಎನ್ನುವಂತಹವು ಹಾಜಿಯಾತ್. ಬದುಕಿಗೆ ಅಂದ ಕೊಡುವಂತಹವು ತಹ್ಸೀನಿಯಾತ್. ಶರೀಅತ್‌ನ ಉದ್ದೇಶಗಳನ್ನು ತಿಳಿಯಲು ಮಾಡಿದ ಈ ವಿಂಗಡಣೆಯನ್ನು ಮನೆಯ ಖರ್ಚಿಗೂ ಅಳತೆಗೋಲಾಗಿ ಬಳಸಬಹುದು.

ಒಂದೇ ವಸ್ತು ಒಬ್ಬರಿಗೆ ಹಾಜತ್ ಆಗಿದ್ದು ಇನ್ನೊಬ್ಬರಿಗೆ ಕೇವಲ ಅಲಂಕಾರ ಆಗಬಹುದು. ವಾಟ್ಸಾಪ್ ನೋಡಲು, ಬಯಾನ್ ಕೇಳಲು, ಮಕ್ಕಳ ಶಾಲೆಯ ಶುಲ್ಕ ಕಟ್ಟಲು ಮಾತ್ರ ಲ್ಯಾಪ್‌ಟಾಪ್ ಬಳಸುವವರಿಗೆ ಎರಡನೆಯ ಮಾನಿಟರ್ ಆಡಂಬರವೇ ಸರಿ. ಎರಡು ದಾಖಲೆಗಳನ್ನು ಏಕಕಾಲಕ್ಕೆ ಕಣ್ಣೆದುರು ಇಟ್ಟುಕೊಳ್ಳಬೇಕಾದವರಿಗೆ ಅದು ಹಾಗಲ್ಲ. ಲೆಕ್ಕಪತ್ರ ಬರೆಯುವವರು, ಅನುವಾದ ಮಾಡುವವರು, ಆನ್‌ಲೈನ್ ಪಾಠ ಹೇಳುವವರು, ಆಸ್ಪತ್ರೆಗಳ ದಾಖಲೆ ನೋಡಿ ಕೋಡಿಂಗ್ ಮಾಡುವವರು, ಪುಸ್ತಕದ ಪುಟ ವಿನ್ಯಾಸ ಮಾಡುವವರು ಈ ಗುಂಪಿಗೆ ಸೇರುತ್ತಾರೆ. ಆದ್ದರಿಂದ ಕೊಳ್ಳುವ ಮೊದಲು ಹೀಗೆ ಕೇಳಿಕೊಳ್ಳಿ: ನನ್ನ ಕೆಲಸದಲ್ಲಿ ಒಂದೇ ಹೊತ್ತಿಗೆ ನನ್ನ ಕಣ್ಣ ಮುಂದೆ ಎಷ್ಟು ವಿಷಯಗಳು ಇರಬೇಕು? ಉತ್ತರ ಎರಡಾದರೆ ಲ್ಯಾಪ್‌ಟಾಪಿನ ಜೊತೆ ಒಂದು ಮಾನಿಟರ್ ಸಾಕು. ಮೂರಾದರೆ ಮಾತ್ರ ಎರಡು ಬೇಕು. ಪತ್ರ ಬರೆದ ಸಹೋದರಿಯ ಕೆಲಸದಲ್ಲಿ ಆ ಮೂರೂ ಇವೆ. ಅವರದ್ದು ಇಸ್ರಾಫ್ ಅಲ್ಲ. ಆದರೆ ಈಗಿರುವ ಸಾಧನದ ಸಾಮರ್ಥ್ಯವನ್ನೇ ತಿಳಿಯದೆ ಅಂಗಡಿಯ ಮಾತಿಗೆ ಹೊಸ ಲ್ಯಾಪ್‌ಟಾಪ್ ಕೊಂಡಿದ್ದರೆ ಅದು ಇಸ್ರಾಫ್ ಆಗುವ ಸಾಧ್ಯತೆ ಇತ್ತು.

ಎರಡರಲ್ಲೂ ಒಂದೇ ಚಿತ್ರ ಏಕೆ?

ಸ್ಪ್ಲಿಟರ್ ಎಂಬುದು ಒಂದು ನೀರಿನ ಪೈಪಿಗೆ ಎರಡು ನಲ್ಲಿ ಜೋಡಿಸಿದಂತೆ. ಎರಡು ನಲ್ಲಿಗಳಲ್ಲೂ ಅದೇ ನೀರು ಬರುತ್ತದೆ. ಮದುವೆ ಹಾಲಿನಲ್ಲಿ ಒಂದೇ ದೃಶ್ಯವನ್ನು ಹಲವು ಟಿವಿಗಳಲ್ಲಿ ತೋರಿಸಲು ಅದು ಉಪಯುಕ್ತ. ಪ್ರತಿಯೊಂದು ಮಾನಿಟರಿನಲ್ಲೂ ಬೇರೆ ಬೇರೆ ಕೆಲಸ ತೆರೆಯಬೇಕಾದರೆ ಲ್ಯಾಪ್‌ಟಾಪಿನಿಂದಲೇ ಬೇರೆ ಬೇರೆ ಚಿತ್ರ ಹೊರಡಬೇಕು. ಸಾಮಾನ್ಯ ಎಚ್‌ಡಿಎಂಐ ಸ್ಪ್ಲಿಟರ್‌ನಿಂದ ಅದು ಸಾಧ್ಯವಿಲ್ಲ. ಇಲ್ಲಿ ಲ್ಯಾಪ್‌ಟಾಪಿನ ತಪ್ಪೂ ಇಲ್ಲ, ಮಾನಿಟರಿನ ತಪ್ಪೂ ಇಲ್ಲ. ಕೆಲಸಕ್ಕೆ ತಕ್ಕ ವಸ್ತು ಬಂದಿಲ್ಲ, ಅಷ್ಟೆ.

ಲ್ಯಾಪ್‌ಟಾಪಿನ ಅಂಚನ್ನು ಓದಿ

ಈಗ ಲ್ಯಾಪ್‌ಟಾಪನ್ನು ತಿರುಗಿಸಿ ಅದರ ಅಂಚಿನಲ್ಲಿರುವ ಕಿಂಡಿಗಳನ್ನು, ಅಂದರೆ ಪೋರ್ಟ್‌ಗಳನ್ನು ಗಮನಿಸಿ.

ಮೂರು ಸಾಲುಗಳಲ್ಲಿ 15 ತೂತುಗಳಿರುವ, ಸಾಮಾನ್ಯವಾಗಿ ನೀಲಿ ಬಣ್ಣದ ಅಗಲವಾದ ಕಿಂಡಿ ವಿಜಿಎ. ಐಬಿಎಂ ಕಂಪೆನಿ 1987ರಲ್ಲಿ ತಂದ ಈ ವ್ಯವಸ್ಥೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿರಳ, ಹಳೆಯ ಮಾನಿಟರ್‌ಗಳಲ್ಲಿ ಮಾತ್ರ ಸಾಕಷ್ಟು ಇದೆ. ಇದರಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಟಿವಿಯ ಹಿಂದೆ ಇರುವಂತಹ, ಕೆಳಮೂಲೆಗಳು ಒಳಕ್ಕೆ ಓರೆಯಾಗಿರುವ ಚಪ್ಪಟೆ ಕಿಂಡಿ ಎಚ್‌ಡಿಎಂಐ. ಇದರ ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಚಿತ್ರವೂ ಧ್ವನಿಯೂ ಒಂದೇ ತಂತಿಯಲ್ಲಿ ಸಾಗುತ್ತವೆ. ಒಂದು ಮೂಲೆ ಮಾತ್ರ ಕತ್ತರಿಸಿದಂತಿರುವುದು ಡಿಸ್‌ಪ್ಲೇ ಪೋರ್ಟ್. ಇದು 2006ರಲ್ಲಿ ಬಂತು.

ಇನ್ನು ಎರಡೂ ತುದಿ ದುಂಡಗಿರುವ ಸಣ್ಣ ಕಿಂಡಿ ಯುಎಸ್‌ಬಿ-ಸಿ. ಇದರ ನಿಯಮಾವಳಿ 2014ರಲ್ಲಿ ಪ್ರಕಟವಾಯಿತು. ಇಂದಿನ ಹೆಚ್ಚಿನ ಫೋನ್‌ಗಳನ್ನು ಚಾರ್ಜ್ ಮಾಡುವ ಕಿಂಡಿಯೂ ಇದೇ. ಹೆಚ್ಚಿನವರು ಮೋಸ ಹೋಗುವುದು ಇಲ್ಲಿಯೇ. ಯುಎಸ್‌ಬಿ-ಸಿ ಎಂಬುದು ಕಿಂಡಿಯ ಆಕಾರದ ಹೆಸರು ಮಾತ್ರ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಚಾರ್ಜಿಂಗ್ ಮತ್ತು ಫೈಲುಗಳ ಸಾಗಾಟಕ್ಕೆ ಸೀಮಿತ. ಇನ್ನು ಕೆಲವುಗಳಲ್ಲಿ ಅದೇ ಕಿಂಡಿಯಿಂದ ಚಿತ್ರವೂ ಹೊರಬರುತ್ತದೆ. ಕಿಂಡಿಯ ಬಳಿ ಡಿ ಮತ್ತು ಪಿ ಅಕ್ಷರಗಳು ಬೆಸೆದ ಡಿಸ್‌ಪ್ಲೇ ಪೋರ್ಟ್ ಚಿಹ್ನೆ ಅಥವಾ ಥಂಡರ್‌ಬೋಲ್ಟ್ ಎಂಬುದನ್ನು ಸೂಚಿಸುವ ಬಾಣದ ತುದಿಯ ಮಿಂಚಿನ ಚಿಹ್ನೆ ಇದ್ದರೆ ಚಿತ್ರ ಬರುತ್ತದೆ. ಯಾವ ಚಿಹ್ನೆಯೂ ಇಲ್ಲದಿದ್ದರೆ ಬರುವುದಿಲ್ಲ ಎಂದು ತೀರ್ಮಾನಿಸಬೇಡಿ. ಲ್ಯಾಪ್‌ಟಾಪಿನ ಪೂರ್ಣ ಮಾಡೆಲ್ ಸಂಖ್ಯೆಯನ್ನು ಬರೆದುಕೊಂಡು, ಕಂಪೆನಿಯ ವೆಬ್‌ಸೈಟಿನಲ್ಲಿ ಅದರ ವಿವರಪಟ್ಟಿ ತೆರೆದು "ಡಿಸ್‌ಪ್ಲೇ ಪೋರ್ಟ್ ಆಲ್ಟ್ ಮೋಡ್" ಅಥವಾ "ಥಂಡರ್‌ಬೋಲ್ಟ್" ಎಂಬ ಮಾತು ಇದೆಯೇ ಎಂದು ನೋಡಿ. ಹತ್ತು ನಿಮಿಷದ ಈ ಕೆಲಸ ಹಲವು ಸಾವಿರ ರೂಪಾಯಿಗಳನ್ನು ಉಳಿಸಬಲ್ಲದು.

ನಮ್ಮ ಸಹೋದರಿ ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಎಚ್‌ಡಿಎಂಐ ಮತ್ತು ಡಿಪಿ ಚಿಹ್ನೆಯಿರುವ ಒಂದು ಯುಎಸ್‌ಬಿ-ಸಿ ಇದೆಯೆಂದು ಚಿತ್ರ ಬರೆದು ಕಳುಹಿಸಿದ್ದಾರೆ. ಹಾಗಾದರೆ ಉತ್ತರ ಸುಲಭ. ಒಂದು ಮಾನಿಟರನ್ನು ಎಚ್‌ಡಿಎಂಐಗೆ ನೇರವಾಗಿ ಜೋಡಿಸಿ. ಇನ್ನೊಂದಕ್ಕೆ ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐಗೆ ಬದಲಾಯಿಸುವ ಒಂದು ಅಡಾಪ್ಟರ್ ಕೊಳ್ಳಿ. ಲ್ಯಾಪ್‌ಟಾಪಿನ ಸ್ವಂತ ಪರದೆ ಮೂರನೆಯದು. ಹೊಸ ಲ್ಯಾಪ್‌ಟಾಪ್ ಬೇಕಾಗಿಲ್ಲ.

ಹಳೆಯ ಮಾನಿಟರ್‌ಗಳಿಗೆ ಒಂದು ಮಾತು

ಸೆಕೆಂಡ್ ಹ್ಯಾಂಡ್ ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಾಯಿಸುವ ಪರಿವರ್ತಕ ಬೇಕು. ಇದು ಬರೀ ತಂತಿಯಲ್ಲ, ಒಳಗೆ ಸಣ್ಣ ಚಿಪ್ ಇರುತ್ತದೆ. ಇಂತಹ ಪರಿವರ್ತಕಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. "ವಿಜಿಎಯಿಂದ ಎಚ್‌ಡಿಎಂಐಗೆ" ಎಂದು ಬರೆದಿರುವುದನ್ನು ತಂದರೆ ತಿರುಗಿಸಿ ಹಾಕಿ ಪ್ರಯೋಜನವಿಲ್ಲ. ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ತಂತಿಗಳೂ ಸಾಮಾನ್ಯವಾಗಿ ಹೀಗೆಯೇ. ಅಂಗಡಿಯಲ್ಲಿ "ಲ್ಯಾಪ್‌ಟಾಪ್ ಕಡೆ ಇದು, ಮಾನಿಟರ್ ಕಡೆ ಇದು" ಎಂದು ಸ್ಪಷ್ಟವಾಗಿ ಹೇಳಿ ಕೇಳಿ. ಎರಡೂ ಕಡೆಯ ಕಿಂಡಿಗಳ ಫೋಟೋ ತೆಗೆದುಕೊಂಡು ಹೋಗುವುದು ಇನ್ನೂ ಒಳ್ಳೆಯದು. ಮಾನಿಟರಿನಲ್ಲಿ ಬಿಳಿ ಬಣ್ಣದ ಡಿವಿಐ ಕಿಂಡಿ ಇದ್ದರೆ ಸಾಮಾನ್ಯವಾಗಿ ಎಚ್‌ಡಿಎಂಐ-ಡಿವಿಐ ತಂತಿಯೇ ಸಾಕು, ಧ್ವನಿಯನ್ನು ಲ್ಯಾಪ್‌ಟಾಪಿನಿಂದಲೇ ಕೇಳಬಹುದು.

ಲ್ಯಾಪ್‌ಟಾಪಿಗೂ ಒಂದು ಮಿತಿ ಇದೆ

ಎಷ್ಟು ಕಿಂಡಿಗಳಿದ್ದರೂ ಒಳಗಿನ ಗ್ರಾಫಿಕ್ಸ್ ಚಿಪ್ ಒಂದು ಮಿತಿಯೊಳಗೆ ಮಾತ್ರ ಬೇರೆ ಬೇರೆ ಚಿತ್ರ ಕೊಡಬಲ್ಲದು. ಇಂಟೆಲ್ ಕಂಪೆನಿಯ 2012ರ ಮೂರನೆಯ ತಲೆಮಾರಿನ ಪ್ರೊಸೆಸರ್‌ಗಳಿಂದ ಈಚೆಗೆ ಸಾಮಾನ್ಯವಾಗಿ ಮೂರು ಪರದೆಗಳು ಸಾಧ್ಯ. 2020ರಲ್ಲಿ ಬಂದ ಹನ್ನೊಂದನೆಯ ತಲೆಮಾರಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಂದ ನಾಲ್ಕು. ಈ ಲೆಕ್ಕದಲ್ಲಿ ಲ್ಯಾಪ್‌ಟಾಪಿನ ಸ್ವಂತ ಪರದೆಯೂ ಸೇರಿದೆ ಎಂಬುದನ್ನು ಮರೆಯಬಾರದು.

ಗಲ್ಫಿನಿಂದ ಬರುವವರು ಮನೆಗೆ ಆಪಲ್ ಲ್ಯಾಪ್‌ಟಾಪ್ ತರುವುದುಂಟು. ಅವರು ಇನ್ನಷ್ಟು ಎಚ್ಚರ ವಹಿಸಬೇಕು. 2020ರ ಎಂ1 ಮತ್ತು 2022ರ ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್, ಬೆಲೆ ಹೆಚ್ಚಿದ್ದರೂ, ಒಂದು ಹೊರಗಿನ ಮಾನಿಟರನ್ನು ಮಾತ್ರ ನೇರವಾಗಿ ನಡೆಸುತ್ತದೆ. 2024ರ ಎಂ3 ಏರ್‌ನಲ್ಲಿ ಎರಡು ಸಾಧ್ಯ, ಆದರೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿರಬೇಕು. 2025ರ ಎಂ4 ಏರ್‌ನಲ್ಲಿ ಮುಚ್ಚಳ ತೆರೆದಿದ್ದರೂ ಎರಡು ಮಾನಿಟರ್ ನಡೆಯುತ್ತವೆ.

ಕಿಂಡಿ ಒಂದೇ ಇದ್ದರೆ?

ಲ್ಯಾಪ್‌ಟಾಪಿನಲ್ಲಿ ಚಿತ್ರ ಹೊರಡುವ ಕಿಂಡಿ ಒಂದೇ ಇದ್ದು ಎರಡು ಮಾನಿಟರ್ ಬೇಕಾದರೆ ಡಾಕ್ ಎಂಬ ಪೆಟ್ಟಿಗೆ ನೆರವಿಗೆ ಬರುತ್ತದೆ. ಇದರಲ್ಲಿ ಎರಡು ಬಗೆ.

ಮೊದಲನೆಯದು, ಒಂದೇ ತಂತಿಯಲ್ಲಿ ಎರಡು ಚಿತ್ರಗಳನ್ನು ಒಟ್ಟಿಗೆ ಕಳುಹಿಸಿ ಡಾಕಿನಲ್ಲಿ ಬೇರ್ಪಡಿಸುವ ಎಂಎಸ್‌ಟಿ ಎಂಬ ವಿಧಾನ. 2010ರ ಡಿಸ್‌ಪ್ಲೇ ಪೋರ್ಟ್ 1.2 ಆವೃತ್ತಿಯಲ್ಲಿ ಬಂದ ಇದು ವಿಂಡೋಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಅದೇ ಡಾಕನ್ನು ಆಪಲ್ ಲ್ಯಾಪ್‌ಟಾಪಿಗೆ ಹಾಕಿದರೆ ಎರಡು ಮಾನಿಟರಿನಲ್ಲೂ ಒಂದೇ ಚಿತ್ರ ಬರುತ್ತದೆ, ಏಕೆಂದರೆ ಆಪಲ್ ಈ ವಿಧಾನದಲ್ಲಿ ಬೇರೆ ಬೇರೆ ಚಿತ್ರ ಕೊಡುವುದಿಲ್ಲ.

ಎರಡನೆಯದು ಡಿಸ್‌ಪ್ಲೇಲಿಂಕ್ ತಂತ್ರಜ್ಞಾನದ ಡಾಕ್. ಚಿತ್ರ ಹೊರಡುವ ಕಿಂಡಿ ಇಲ್ಲದಿದ್ದರೂ ಸಾಮಾನ್ಯ ಯುಎಸ್‌ಬಿ ಕಿಂಡಿಯ ಮೂಲಕ ಇದು ಕೆಲಸ ಮಾಡುತ್ತದೆ. ಎಂ1, ಎಂ2 ಏರ್ ಇರುವವರಿಗೂ ಎರಡನೆಯ ಮಾನಿಟರಿಗೆ ಇದೇ ದಾರಿ. ಆದರೆ ಲ್ಯಾಪ್‌ಟಾಪಿನಲ್ಲಿ ಅದರ ತಂತ್ರಾಂಶ ಹಾಕಬೇಕು. ಚಿತ್ರವನ್ನು ಪ್ರೊಸೆಸರ್ ಸಂಕುಚಿತಗೊಳಿಸಿ ಕಳುಹಿಸುವುದರಿಂದ ಹಳೆಯ ಲ್ಯಾಪ್‌ಟಾಪ್ ಸ್ವಲ್ಪ ನಿಧಾನವಾಗಬಹುದು. ಅಕ್ಷರ ಮತ್ತು ಅಂಕಿಗಳ ಕೆಲಸಕ್ಕೆ ಇದು ಸಾಕು, ವಿಡಿಯೋ ಸಂಕಲನಕ್ಕೆ ಅಷ್ಟು ಒಗ್ಗದು. ಕಂಪೆನಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ತಂತ್ರಾಂಶ ಹಾಕಲು ಅನುಮತಿ ಬೇಕಾಗಬಹುದು. ಇಂತಹ ಡಾಕ್‌ಗಳಿಗೆ ಹಲವು ಸಾವಿರ ರೂಪಾಯಿ ಬೆಲೆ ಇರುವುದರಿಂದ ಮೊದಲು ಕೇಳಿ, ಬಳಿಕ ಕೊಳ್ಳಿ.

ಇದೆಲ್ಲದರ ನಡುವೆ 4ಕೆ ಮಾನಿಟರ್ ಬೇಕೇ ಎಂದು ಕೇಳುವವರಿದ್ದಾರೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. 4ಕೆಯಲ್ಲಿ ಅದರ ನಾಲ್ಕು ಪಟ್ಟು, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳು. ಹಳೆಯ ಎಚ್‌ಡಿಎಂಐ 1.4 ಕಿಂಡಿಯಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬದಲಾಗುವುದರಿಂದ ಮೌಸ್ ತಡವರಿಸಿದಂತೆ ಕಾಣುತ್ತದೆ. ಲೆಕ್ಕಪತ್ರಕ್ಕೆ 22 ಅಥವಾ 24 ಇಂಚಿನ ಫುಲ್ ಎಚ್‌ಡಿ ಸಾಕು. ನೆರೆಮನೆಯವರು 4ಕೆ ತಂದರೆಂದು ನಾವೂ ತಂದರೆ ಅದು ಮೂರನೆಯ ದರ್ಜೆಯನ್ನೂ ದಾಟಿ ಹೋಗುತ್ತದೆ.

ಜೋಡಿಸಿದ ಬಳಿಕ

ತಂತಿ ಸಿಕ್ಕಿಸಿದ ಮೇಲೆ ವಿಂಡೋಸ್ ಗುರುತಿರುವ ಕೀಲಿಯನ್ನು ಒತ್ತಿ ಹಿಡಿದು ಪಿ ಅಕ್ಷರ ಒತ್ತಿ. ನಾಲ್ಕು ಆಯ್ಕೆಗಳು ಕಾಣಿಸುತ್ತವೆ. ಡುಪ್ಲಿಕೇಟ್ ಎಂದರೆ ಎಲ್ಲೆಡೆ ಒಂದೇ ಚಿತ್ರ. ನಮಗೆ ಬೇಕಾದದ್ದು ಎಕ್ಸ್‌ಟೆಂಡ್. ಬಳಿಕ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ. ಅಲ್ಲಿ ಪರದೆಗಳು 1, 2, 3 ಎಂಬ ಪೆಟ್ಟಿಗೆಗಳಾಗಿ ಕಾಣುತ್ತವೆ. ಐಡೆಂಟಿಫೈ ಒತ್ತಿದರೆ ಪ್ರತಿ ಮಾನಿಟರಿನ ಮೇಲೆ ಅದರ ಸಂಖ್ಯೆ ಮೂಡುತ್ತದೆ. ಮೇಜಿನ ಮೇಲೆ ಮಾನಿಟರ್‌ಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಈ ಪೆಟ್ಟಿಗೆಗಳನ್ನು ಎಳೆದು ಇಡಿ. ಇದನ್ನು ಮಾಡದಿದ್ದರೆ ಮೌಸನ್ನು ಬಲಕ್ಕೆ ಒಯ್ದಾಗ ಅದು ಎಡಗಡೆಯ ಪರದೆಯಲ್ಲಿ ಪ್ರತ್ಯಕ್ಷವಾಗಿ ತಲೆ ಕೆಡಿಸುತ್ತದೆ. ಹೆಚ್ಚು ನೋಡುವ ಪರದೆಯನ್ನು ಮುಖ್ಯ ಪರದೆಯೆಂದು ಗುರುತಿಸಿ. ಅಕ್ಷರ ಸಣ್ಣದಾಗಿ ಕಂಡರೆ ಸ್ಕೇಲ್ ಎಂಬಲ್ಲಿ 125 ಶೇಕಡಾ ಆರಿಸಿ.

ಚಿತ್ರವೇ ಬರದಿದ್ದರೆ ಗಾಬರಿ ಬೇಡ. ಮಾನಿಟರಿನ ಅಂಚಿನ ಗುಂಡಿಯಿಂದ ಸರಿಯಾದ ಇನ್‌ಪುಟ್ ಆರಿಸಿದ್ದೀರಾ ನೋಡಿ. ವಿಜಿಎ ಆಯ್ಕೆಯಲ್ಲೇ ನಿಂತಿರುವ ಮಾನಿಟರ್‌ಗೆ ಎಚ್‌ಡಿಎಂಐ ತಂತಿ ಹಾಕಿದರೆ ಕೆಲವೊಮ್ಮೆ ಅದು ತಾನಾಗಿ ಬದಲಾಗುವುದಿಲ್ಲ. ಆಮೇಲೆ ಬೇರೊಂದು ತಂತಿ ಹಾಕಿ ಪರೀಕ್ಷಿಸಿ. ಇಷ್ಟಾದ ಬಳಿಕವೇ ರಿಪೇರಿಯವರ ಬಳಿಗೆ ಹೋಗಿ.

ಶರೀರದ ಹಕ್ಕು

ಆರಾಧನೆಯಲ್ಲೂ ಅತಿಯಾಗಿ ದಣಿಸಿಕೊಂಡವರಿಗೆ ಶರೀರಕ್ಕೂ ಕಣ್ಣಿಗೂ ನಿಮ್ಮ ಮೇಲೆ ಹಕ್ಕಿದೆ ಎಂಬುದನ್ನು ಪ್ರವಾದಿ(ಸ)ರವರು ನೆನಪಿಸಿದ್ದರು. ಹಾಗಿರುವಾಗ ದುಡಿಮೆಯಲ್ಲಿ ಅದನ್ನು ಮರೆಯುವುದು ಸರಿಯಲ್ಲ. ಮಾನಿಟರ್ ಒಂದು ತೋಳಿನಷ್ಟು ದೂರದಲ್ಲಿರಲಿ. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ. ಓದುವ ಮತ್ತು ದೂರ ನೋಡುವ ಎರಡೂ ಭಾಗಗಳಿರುವ ಕನ್ನಡಕ ಹಾಕುವವರು ಇನ್ನೂ ಸ್ವಲ್ಪ ಕೆಳಗಿಡುವುದು ಉತ್ತಮ. ಮಾನಿಟರ್ ಎತ್ತರಿಸಲು ದಪ್ಪ ಪುಸ್ತಕಗಳನ್ನು ಇಡುವ ರೂಢಿಯಿದೆ. ದೀನೀ ಗ್ರಂಥಗಳನ್ನು ಹೀಗೆ ಖಂಡಿತ ಬಳಸಬೇಡಿ, ಒಂದು ಮರದ ಹಲಗೆ ಸಾಕು. ಎರಡನ್ನೂ ಸಮಾನವಾಗಿ ನೋಡುವುದಾದರೆ ಅವು ಸೇರುವ ಜಾಗ ಮೂಗಿನ ನೇರಕ್ಕೆ ಬರಲಿ. ಒಂದನ್ನೇ ಹೆಚ್ಚು ನೋಡುವುದಾದರೆ ಅದು ನೇರ ಎದುರಿಗೂ ಇನ್ನೊಂದು ಪಕ್ಕಕ್ಕೂ ಇರಲಿ. ಕಿಟಕಿ ಬೆನ್ನ ಹಿಂದೆ ಅಥವಾ ಪರದೆಯ ಹಿಂದೆ ಬೇಡ, ಪಕ್ಕಕ್ಕೆ ಬರಲಿ.

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಝುಹರ್ ಮತ್ತು ಅಸರ್‌ನ ಅಝಾನ್ ಕೇಳಿದಾಗ ಎದ್ದು ವುಝೂ ಮಾಡುವವರಿಗೆ ದುಡಿಮೆಯ ನಡುವೆ ದೊಡ್ಡ ವಿರಾಮಗಳು ತಾವಾಗಿಯೇ ಸಿಗುತ್ತವೆ. "ಇದೊಂದು ಮುಗಿಸಿ ಬರುತ್ತೇನೆ" ಎಂದು ನಮಾಝನ್ನು ಕೊನೆಯ ಗಳಿಗೆಗೆ ದೂಡಿದರೆ ಎರಡೂ ನಷ್ಟ.

ವಿದ್ಯುತ್ ಬಿಲ್ಲಿನ ಚಿಂತೆಯೂ ಮನೆಯ ಹಿರಿಯರಿಗೆ ಇರುತ್ತದೆ. ಒಂದು ಮಾನಿಟರ್ 25 ವಾಟ್ ಎಂದಿಟ್ಟುಕೊಂಡರೆ ದಿನಕ್ಕೆ 8 ಗಂಟೆಯಂತೆ ತಿಂಗಳಿನ 25 ದಿನಗಳಿಗೆ 5 ಯೂನಿಟ್ ಆಗುತ್ತದೆ. ಎರಡಕ್ಕೆ 10 ಯೂನಿಟ್. ಈ ಲೆಕ್ಕವನ್ನು ಅವರ ಮುಂದಿಟ್ಟು ಹೇಳಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ಆರಂಭಕ್ಕೂ ಕೊನೆಗೂ ಗುಡುಗು ಮಿಂಚು ಜೋರು. ಆಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ಕಳಚಿಡಬೇಕು. ಮಿಂಚು ಶುರುವಾಗುವ ಮೊದಲೇ ಅದನ್ನು ಮಾಡಿ.

ಪರದೆಯ ಅಮಾನತ್

ಪರದೆಗಳು ಹೆಚ್ಚಾದಷ್ಟೂ ಇತರರ ಕಣ್ಣಿಗೆ ಬೀಳುವುದೂ ಹೆಚ್ಚು. ಲೆಕ್ಕಪತ್ರ ಬರೆಯುವವರ ಎದುರು ಇನ್ನೊಬ್ಬರ ಸಾಲ, ಲಾಭ, ಬ್ಯಾಂಕಿನ ಮೊತ್ತ ತೆರೆದಿರುತ್ತದೆ. ಅದು ಅಮಾನತ್. ಮಾನಿಟರನ್ನು ಬಾಗಿಲಿಗೆ ಮುಖ ಮಾಡಿ ಇಟ್ಟರೆ ಬಂದ ನೆಂಟರೆಲ್ಲ ಅದನ್ನು ಓದುತ್ತಾರೆ. ಗೋಡೆಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಎದ್ದು ಹೋಗುವಾಗ ವಿಂಡೋಸ್ ಕೀಲಿಯೊಂದಿಗೆ ಎಲ್ ಅಕ್ಷರ ಒತ್ತಿದರೆ ಎಲ್ಲ ಪರದೆಗಳೂ ಒಮ್ಮೆಗೇ ಬೀಗ ಹಾಕಿಕೊಳ್ಳುತ್ತವೆ.

ಇನ್ನೊಂದು ಎಚ್ಚರಿಕೆ ನಮ್ಮ ಸಹೋದರಿಯರಿಗೆ ಬಹು ಮುಖ್ಯ. ಆನ್‌ಲೈನ್ ಸಭೆಯಲ್ಲಿ ಪರದೆ ಹಂಚಿಕೊಳ್ಳುವಾಗ ಇಡೀ ಪರದೆಯನ್ನು ಕೊಡಬೇಡಿ, ಬೇಕಾದ ಒಂದು ಕಿಟಕಿಯನ್ನು ಮಾತ್ರ ಆರಿಸಿ. ತಪ್ಪಾದ ಪರದೆ ಹಂಚಿಕೆಯಾದರೆ ಅದರಲ್ಲಿ ತೆರೆದಿರುವ ಕುಟುಂಬದ ಫೋಟೋ ಅಥವಾ ಖಾಸಗಿ ಸಂದೇಶ ಅನ್ಯರಿಗೆ ಕಾಣುತ್ತದೆ. ಹಾಗೆಯೇ, ಕಣ್ಣು ದೊಡ್ಡ ಮಾನಿಟರಿನ ಮೇಲಿದ್ದರೂ ಕ್ಯಾಮೆರಾ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಪಕ್ಕದಲ್ಲಿ ತೆರೆದಿಟ್ಟ ಆ ಲ್ಯಾಪ್‌ಟಾಪ್ ಅಡುಗೆಮನೆಯ ಬಾಗಿಲನ್ನೋ ಶಿರವಸ್ತ್ರವಿಲ್ಲದೆ ನಡೆದಾಡುವ ಮನೆಯವರನ್ನೋ ತೋರಿಸುತ್ತಿರಬಹುದು. ಸಭೆಗೆ ಕೂರುವ ಮೊದಲು ಕ್ಯಾಮೆರಾದಲ್ಲಿ ಏನು ಕಾಣುತ್ತದೆಂದು ಒಮ್ಮೆ ನೋಡಿಕೊಳ್ಳಿ. ಕ್ಯಾಮೆರಾ ಬೇಡವಾದರೆ ಮುಚ್ಚಳ ಹಾಕಿಯೂ ಕೆಲಸ ಮಾಡಬಹುದು. ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಹಾಕಿದಾಗ "ಡು ನಥಿಂಗ್" ಎಂದು ಆರಿಸಿಟ್ಟರೆ ಲ್ಯಾಪ್‌ಟಾಪ್ ನಿದ್ದೆಗೆ ಜಾರುವುದಿಲ್ಲ. ಆಗ ಬೇರೆ ಕೀಬೋರ್ಡ್, ಮೌಸ್ ಬೇಕು, ಲ್ಯಾಪ್‌ಟಾಪಿಗೆ ಗಾಳಿಯಾಡುವ ಜಾಗವೂ ಬೇಕು.

ಕೊಡುವವರೂ ಕೊಳ್ಳುವವರೂ

ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಪ್ರವಾದಿ(ಸ)ರವರು ಒಳಗೆ ಒದ್ದೆಯಿರುವುದನ್ನು ಕಂಡು, ಅದನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಎಚ್ಚರಿಸಿದ ಘಟನೆ ನಮಗೆಲ್ಲ ತಿಳಿದಿದೆ. ಕಂಪ್ಯೂಟರ್ ಅಂಗಡಿ ನಡೆಸುವ ನಮ್ಮ ಸಹೋದರರು ಇದನ್ನು ನೆನಪಿಡಬೇಕು. ಒಂದು ಸಣ್ಣ ಅಡಾಪ್ಟರ್ ಸಾಕಾಗುವಲ್ಲಿ ಹೊಸ ಲ್ಯಾಪ್‌ಟಾಪ್ ಬೇಕೆನ್ನುವುದು ಒದ್ದೆ ಧಾನ್ಯವನ್ನು ಕೆಳಗೆ ಬಚ್ಚಿಟ್ಟಂತೆಯೇ. ತಿಳಿಯದಿದ್ದರೆ ತಿಳಿಯದೆಂದು ಹೇಳುವುದು ಉತ್ತಮ. ಕೊಳ್ಳುವವರು ಬಿಲ್ ಕೇಳಬೇಕು. ಹೊಂದದಿದ್ದರೆ ಹಿಂದಿರುಗಿಸಬಹುದೇ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಮಾನಿಟರನ್ನು ಅಲ್ಲೇ ಹೊತ್ತಿಸಿ, ಬಿಳಿ ಮತ್ತು ಕಪ್ಪು ಚಿತ್ರ ಹಾಕಿಸಿ, ಗೆರೆ ಅಥವಾ ಸತ್ತ ಚುಕ್ಕಿ ಇದೆಯೇ ಎಂದು ನೋಡಬೇಕು. ನಿಜಕ್ಕೂ ಕೆಟ್ಟುಹೋದ ಮಾನಿಟರನ್ನು ಕಸದ ರಾಶಿಗೆ ಎಸೆಯಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು.

ಮನೆಯ ಹಿರಿಯರಲ್ಲಿ ಒಂದು ವಿನಂತಿ. ಸೊಸೆಯ ಅಥವಾ ಮಗಳ ದುಡಿಮೆಯ ಹಣ ಅವಳದ್ದು, ಅದರ ಮೇಲಿನ ಹಕ್ಕನ್ನು ಇಸ್ಲಾಮ್ ಅವಳಿಗೇ ಕೊಟ್ಟಿದೆ. ಆದರೂ ಅವಳು ಅದನ್ನು ಮನೆಗೆ ಸುರಿಯುತ್ತಾಳೆ. ಅವಳ ಉಪಕರಣವನ್ನು ಟಿವಿ ಎಂದು ಹಂಗಿಸುವ ಮೊದಲು ಒಂದು ಸಂಜೆ ಅವಳ ಪಕ್ಕದಲ್ಲಿ ಕುಳಿತು ಅವಳು ಏನು ಮಾಡುತ್ತಾಳೆಂದು ನೋಡಿ. ಸಹೋದರಿಯರಿಗೂ ಒಂದು ಮಾತು. ನೀವು ಏನು ಕೊಳ್ಳುತ್ತೀರಿ, ಏಕೆ ಕೊಳ್ಳುತ್ತೀರಿ ಎಂಬುದನ್ನು ಮನೆಯವರಿಗೆ ತಾಳ್ಮೆಯಿಂದ ವಿವರಿಸಿ. ತಿಳಿಯದೆ ಆಡಿದ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಕಿಂಡಿಯ ವಿಷಯದಲ್ಲಿ ಸಂದೇಹವಿರುವ ಓದುಗರು ಲ್ಯಾಪ್‌ಟಾಪಿನ ಮಾಡೆಲ್ ಸಂಖ್ಯೆಯನ್ನೂ ಮಾನಿಟರಿನ ಹಿಂಭಾಗದ ಕಿಂಡಿಗಳ ಚಿತ್ರವನ್ನೂ ಬರೆದು ಕಳುಹಿಸಿ. ಇನ್ಶಾ ಅಲ್ಲಾಹ್, ಮುಂದಿನ ಸಂಚಿಕೆಗಳಲ್ಲಿ ಉತ್ತರಿಸುವೆವು. ದುಡಿಯುವ ಎಲ್ಲ ಸಹೋದರಿಯರ ಸಂಪಾದನೆಯಲ್ಲಿ ಅಲ್ಲಾಹನು ಬರಕತ್ ನೀಡಲಿ, ಅವರ ಕಣ್ಣು ಮತ್ತು ಆರೋಗ್ಯವನ್ನು ಕಾಪಾಡಲಿ. ಆಮೀನ್.